ವಜ್ರದ ಕಾಲುಚೀಲ ಹೆಣೆದ ಕೈ

ಕಿಲ್‌ವೋರನ್, ಆರ್ಗೈಲ್
೫ ಸೆಪ್ಟೆಂಬರ್ ೧೯೫೫

ಪ್ರೀತಿಯ ಡೋಲಿ,

ನಿನ್ನೆ ಭಾನುವಾರವಾದ್ದರಿಂದ ಪೆನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ದೇವರ ದಿನದಂದು ಬರೆಯಬಾರದ ಮಾತುಗಳನ್ನೆಲ್ಲ ಬರೆದುಬಿಡುತ್ತಿದ್ದೆ. ಇವತ್ತು ಸೋಮವಾರ, ಎರಡು ಸಲ ಚಹಾ ಆಯಿತು, ಸಿಟ್ಟು ಮಾತ್ರ ಒಂದು ಚೂರೂ ಇಳಿದಿಲ್ಲ.

ಶನಿವಾರ ನಮ್ಮ ಮಹಿಳಾ ಸಂಘದ ಕೈಕೆಲಸದ ಪ್ರದರ್ಶನವಿತ್ತು. ಪ್ರತಿ ವರ್ಷದ ಹಾಗೆ ನಾನು ಅವ್ವ ಕಲಿಸಿದ ವಜ್ರಾಕಾರದ ಚಿತ್ತಾರದ ಕಾಲುಚೀಲ ಇಟ್ಟಿದ್ದೆ, ಗಂಡಸರು ಕಿಲ್ಟ್ ಲಂಗದ ಜೊತೆ ಹಾಕುವ ಮೊಣಕಾಲುದ್ದದ್ದು. ಪಾಚಿ ಹಸಿರು, ಕಂದು, ಅವೆರಡರ ನಡುವೆ ಹಾಯುವ ಒಂದೆಳೆ ಬಿಳಿ ಗೆರೆ. ಒಂದೊಂದು ವಜ್ರಕ್ಕೂ ಬೇರೆ ನೂಲಿನುಂಡೆ ಕಟ್ಟಿಕೊಂಡು ಮಾಡುವ ಕೆಲಸ ಅದು. ಒಂದು ಸಾಲಿನಲ್ಲಿ ಬಣ್ಣ ಬದಲಿಸುವುದು ತಪ್ಪಿದರೆ ಮತ್ತೆ ಬಿಚ್ಚಬೇಕು. ಏಳು ವರ್ಷದಿಂದ ಮೊದಲ ಬಹುಮಾನದ ಬೆಳ್ಳಿ ಕಪ್ಪು ನಮ್ಮ ಮನೆಯ ಕಪಾಟಿನಲ್ಲೇ ಇದೆ ಎಂಬುದು ನಿನಗೂ ಗೊತ್ತು, ನಮ್ಮ ಸಂಘದ ಅಧ್ಯಕ್ಷೆ ಮಿಸೆಸ್ ಗಾಲ್‌ಬ್ರೇತಳ ಹೊಟ್ಟೆಗೂ ಗೊತ್ತು.

ಈ ಸಲ ತೀರ್ಪು ಕೊಡಲು ಎಡಿನ್‌ಬರೋದಿಂದ ಮಿಸ್ ವೆಡರ್‌ಬರ್ನ್ ಎಂಬುವಳನ್ನು ಕರೆಸಿದ್ದರು. ಎತ್ತರದ ಹೆಂಗಸು, ಕೊರಳಿಗೆ ನೇತುಹಾಕಿದ ಕನ್ನಡಕ. ಮಧ್ಯಾಹ್ನ ಬಾಗಿಲು ತೆರೆದಾಗ ನಾನು ನೇರ ನನ್ನ ಮೇಜಿನ ಹತ್ತಿರ ಹೋದೆ. ಕಾಲುಚೀಲದ ಮೇಲೆ ಒಂದು ಚೀಟಿ ಸಿಕ್ಕಿಸಿತ್ತು: "ಯಂತ್ರದ ಕೆಲಸ. ಪರಿಗಣಿಸಿಲ್ಲ."

ಊರಿನ ನಲವತ್ತು ಹೆಂಗಸರು ನನ್ನ ಹಿಂದೆಯೇ ಬಂದು ಅದನ್ನು ಓದಿದರು. ಅಂಗಡಿಯಿಂದ ತಂದು ನನ್ನದೆಂದು ಇಟ್ಟೆ ಅಂತ ತಾನೇ ಅದರ ಅರ್ಥ? ಕಳ್ಳಿ ಅಂತ ತಾನೇ? ನಾನು ಆಕೆಯ ಎದುರಿಗೇ ಹೋಗಿ ಕೇಳಿದೆ. ಆಕೆ ತಣ್ಣಗೆ ಹೇಳಿದಳು, ಇಪ್ಪತ್ತು ವರ್ಷದಿಂದ ಹೆಣಿಗೆ ನೋಡುತ್ತಿದ್ದೇನೆ, ಇಷ್ಟು ಸಮನಾದ ಕುಣಿಕೆ ಮನುಷ್ಯರ ಕೈಯಿಂದ ಬರುವುದಿಲ್ಲ ಎಂದು. "ನಾನೇ ಹೆಣೆದದ್ದು" ಎಂದೆ, ಇಡೀ ಹಾಲಿಗೆ ಕೇಳುವ ಹಾಗೆ. ಆಕೆ ಕನ್ನಡಕ ತೆಗೆದು ಒರೆಸಿಕೊಂಡಳು, ಅಷ್ಟೇ.

ಇನ್ನೂ ಒಂದು ಕೇಳು. ಆ ಮಹಾತಾಯಿ ಎರಡು ಕಾಲುಚೀಲವನ್ನೂ ಬಿಡಿಸಿ ನೋಡಿಯೇ ಇಲ್ಲ! ಮೇಲಿನದೊಂದನ್ನು ನೋಡಿ ತೀರ್ಮಾನ ಬರೆದಿದ್ದಾಳೆ. ಅವ್ವನ ಕ್ರಮದಲ್ಲಿ ಎಡಗಾಲಿನದು ಬಲಗಾಲಿನದಕ್ಕೆ ಕನ್ನಡಿ ಹಿಡಿದ ಹಾಗಿರುತ್ತದೆ, ಎರಡರಲ್ಲೂ ಹಸಿರು ವಜ್ರ ಹೊರಮಗ್ಗುಲಿಗೇ ಬರಬೇಕು. ಯಂತ್ರ ಎರಡನ್ನೂ ಒಂದೇ ಥರ ಉಗುಳುತ್ತದೆ. ಬಿಡಿಸಿದ್ದರೆ ಗೊತ್ತಾಗುತ್ತಿತ್ತು. ಕಾಲುಚೀಲವನ್ನು ಸಂಘದ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೇನೆ.

ಆರ್ಚಿ ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮನೆಗೆ ಬರುವ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ನಿನ್ನ ಭಾವನಿಗೆ ಮೊದಲೇ ಮಾತು ಕಡಿಮೆ, ಯುದ್ಧದಿಂದ ಬಂದ ಮೇಲಂತೂ ಕೇಳಬೇಡ. ನನಗಾದ ಅವಮಾನಕ್ಕೆ ಪಾಪ ಅವನೂ ಕುಗ್ಗಿಹೋಗಿದ್ದಾನೆ.

ನಿನ್ನ ಅಕ್ಕ,
ಎಫಿ


ಪಾರ್ಟಿಕ್, ಗ್ಲಾಸ್ಗೋ
೮ ಸೆಪ್ಟೆಂಬರ್ ೧೯೫೫

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಜೊತೆಯವರಿಗೆಲ್ಲ ಓದಿ ಹೇಳಿದೆ. ಅಲ್ಲಿರುವ ಲೂಯಿಸ್ ದ್ವೀಪದ ಹೆಂಗಸು ಸೌಟು ಕೆಳಗಿಟ್ಟು ಏನಂದಳು ಗೊತ್ತೆ? "ಆ ಚೀಟಿ ಅವಳ ಬೆನ್ನಿಗೇ ಅಂಟಿಸಿ ರೈಲು ಹತ್ತಿಸಬೇಕಿತ್ತು" ಅಂದಳು. ನನಗೂ ಅದೇ ಸರಿ ಅನ್ನಿಸಿತು.

ಎಫಿ ಮ್ಯಾಕ್‌ಕ್ಯಾಲಮ್‌ಳ ಹೆಣಿಗೆ ಯಂತ್ರದ್ದಂತೆ! ಆರು ವರ್ಷಕ್ಕೇ ಅವ್ವನ ಪಕ್ಕ ಕೂತು ಸಾಲು ಎಣಿಸಿದವಳು ನೀನು. ನಾನು ಒಂದು ಸಾಲು ಹೆಣೆಯುವಷ್ಟರಲ್ಲಿ ನೀನು ಹಿಮ್ಮಡಿ ತಿರುಗಿಸಿ ಮುಗಿಸುತ್ತಿದ್ದೆ, ಆ ಹೊಟ್ಟೆಕಿಚ್ಚಿಗೇ ನಾನು ಹೆಣಿಗೆ ಬಿಟ್ಟದ್ದು. ಈಗ ಯಾವಳೋ ಒಬ್ಬಳು ರೈಲಿಳಿದು ಬಂದು ನಿನ್ನ ಮುಖಕ್ಕೆ ಮಸಿ ಬಳಿದು ಹೋಗಿದ್ದಾಳೆ, ನೀನು ಎರಡು ಸಲ ಚಹಾ ಕುಡಿದು ಸುಮ್ಮನೆ ಕೂತಿದ್ದೀಯ.

ಸುಮ್ಮನಿರಬೇಡ ಅಕ್ಕ. ಜಿಲ್ಲಾ ಸಮಿತಿಗೆ ಬರೆ. ಅವರೆಲ್ಲರ ಎದುರಿಗೆ ಕೂತು ಒಂದೇ ಒಂದು ವಜ್ರ ಹೆಣೆದು ತೋರಿಸು, ಅವರ ಬಾಯಿ ತಾನೇ ಮುಚ್ಚುತ್ತದೆ. ನೀನು ಬರೆಯದಿದ್ದರೆ ನಾನು ಬರೆಯುತ್ತೇನೆ.

ಇನ್ನೊಂದು ಮಾತು. ನಿನ್ನ ಅಕ್ಷರ ಏನಾಗಿದೆ? ಕೋಳಿ ಕೆದಕಿದ ಹಾಗಿದೆ. ಮೊದಲು ಎಂಟು ಪುಟ ಬರೆಯುತ್ತಿದ್ದವಳು ಈಚೆಗೆ ಎರಡು ಪುಟಕ್ಕೇ ಕೈ ಎತ್ತುತ್ತೀಯ. ತಂಗಿಗೆ ಬರೆಯುವಾಗಲೂ ಇಷ್ಟು ಅವಸರವೇ? ಸಿಟ್ಟಿನಲ್ಲಿ ಬರೆದದ್ದೆಂದು ಈ ಸಲಕ್ಕೆ ಬಿಟ್ಟಿದ್ದೇನೆ.

ಆರ್ಚಿ ಭಾವನಿಗೆ ನನ್ನ ನೆನಪು ತಿಳಿಸು.

ಡೋಲಿನಾ


ಕಿಲ್‌ವೋರನ್
೧೩ ಸೆಪ್ಟೆಂಬರ್ ೧೯೫೫

ಡೋಲಿ,

ಸಿಟ್ಟಿಗೆ ಬರೆದದ್ದು, ಎದೆಯ ಭಾರ ಇಳಿಯಲೆಂದು ನಿನ್ನೊಬ್ಬಳಿಗೆ ಬರೆದದ್ದು. ಆಲೂಗಡ್ಡೆ ಸುಲಿಯುವವರ ಮುಂದೆಲ್ಲ ಓದು ಅಂತ ಬರೆದದ್ದಲ್ಲ.

ಸಮಿತಿಗೆ ಬರೆಯುವುದು ಬೇಡ. ನನ್ನ ಮರ್ಯಾದೆ ಹೇಗೆ ಕಾಪಾಡಿಕೊಳ್ಳಬೇಕೆಂದು ನನಗೆ ಗೊತ್ತು. ಸರ್ಕಸ್ಸಿನ ಕರಡಿಯ ಹಾಗೆ ಎಲ್ಲರ ಮುಂದೆ ಕೂತು ಹೆಣೆದು ತೋರಿಸುವ ಗತಿ ನನಗೆ ಬಂದಿಲ್ಲ. ಏಳು ಕಪ್ಪು ಗೆದ್ದವಳು ಪರೀಕ್ಷೆ ಕೊಡುವುದೇ? ತಪ್ಪು ಮಾಡಿದವಳು ಅವಳು, ಅವಳು ಬಂದು ಕ್ಷಮೆ ಕೇಳಲಿ.

ಮೊನ್ನೆ ಅಂಗಡಿಯಲ್ಲಿ ನಾನು ಒಳಗೆ ಹೋಗುತ್ತಲೇ ಮಾತು ನಿಂತಿತು. ಗಾಲ್‌ಬ್ರೇತಳ ತಂಗಿ ಹಲ್ಲು ಕಿಸಿದು, "ಎಫಿ, ನಿನಗೆ ಬೇಕಾದರೆ ಎರಡು ಉಂಡೆ ನೂಲು ಬಂದಿದೆ, ಅಥವಾ ಈಗ ನೂಲು ಬೇಕಾಗುವುದಿಲ್ಲವೋ" ಎಂದಳು. ಆರ್ಚಿ ನನ್ನ ಹಿಂದೆಯೇ ಇದ್ದ. ಅವನು ಗಲ್ಲಾದ ಮೇಲೆ ಇಟ್ಟಿದ್ದ ತಂಬಾಕನ್ನು ಅಲ್ಲೇ ಬಿಟ್ಟು ಹೊರಗೆ ನಡೆದ. ಅವನು ಹಾಗೆ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಅಕ್ಷರದ ಮಾತು ಬಿಡು. ಪೆನ್ನಿನ ಮುಳ್ಳು ಕೆಟ್ಟಿದೆ.

ಎಫಿ


ಪಾರ್ಟಿಕ್
೧೭ ಸೆಪ್ಟೆಂಬರ್ ೧೯೫೫

ಅಕ್ಕ,

ನಿನ್ನ ಕಾಗದ ಬರುವ ಹೊತ್ತಿಗೆ ನನ್ನದು ಹೋಗಿಯಾಗಿತ್ತು. ಬೈಯಬೇಡ. ಬೈದರೂ ನನಗೆ ಬೇಸರವಿಲ್ಲ.

ಜಿಲ್ಲಾ ಸಮಿತಿಗೆ ನಾಲ್ಕು ಪುಟ ಬರೆದಿದ್ದೇನೆ. ಎರಡೂ ಕಾಲುಚೀಲವನ್ನು ಬಿಡಿಸಿ ನೋಡದೆ ತೀರ್ಪು ಕೊಟ್ಟದ್ದು ಯಾವ ನ್ಯಾಯ ಎಂದು ಕೇಳಿದ್ದೇನೆ. ಎಡ ಬಲ ಕನ್ನಡಿಯ ಹಾಗಿರುವುದನ್ನು ಬಿಡಿಸಿ ಹೇಳಿದ್ದೇನೆ. ನನ್ನ ಅಕ್ಕ ಯಾವ ದಿನ ಕರೆದರೂ ಬಂದು ನಿಮ್ಮೆಲ್ಲರ ಮುಂದೆ ಹೆಣೆದು ತೋರಿಸುತ್ತಾಳೆ ಎಂದೂ ಬರೆದಿದ್ದೇನೆ.

ಇನ್ನೂ ಒಂದು ಮಾಡಿದೆ. ಇಯಾನ್ ನಮ್ಮ ಮದುವೆಯ ದಿನ ಹಾಕಿದ್ದನಲ್ಲ, ೧೯೩೮ರಲ್ಲಿ ನೀನು ಹೆಣೆದುಕೊಟ್ಟ ಜೊತೆ, ಅದನ್ನು ಪೆಟ್ಟಿಗೆಯಿಂದ ತೆಗೆದು ಕಾಗದದ ಜೊತೆಗೇ ಕಳಿಸಿದೆ. ಅದೇ ವಜ್ರ, ಅದೇ ಕೈ, ಹೋಲಿಸಿ ನೋಡಲಿ ಎಂದು. ಅವನದೆಂದು ನನ್ನ ಹತ್ತಿರ ಉಳಿದಿರುವುದು ಅದೊಂದೇ, ಅವನನ್ನೂ ಉಳಿದದ್ದನ್ನೂ ಹಡಗಿನ ಜೊತೆಗೆ ಸಮುದ್ರ ತಗೊಂಡಿತು. ಅಂಚೆಯವನ ಕೈಗೆ ಕೊಡುವ ಮೊದಲು ದಾರದ ಗಂಟನ್ನು ಎರಡು ಸಲ ಬಿಗಿದೆ. ಆದರೂ ನಿನಗಾಗಿ ಕಳಿಸಿದೆ.

ಡೋಲಿನಾ


ಕಿಲ್‌ವೋರನ್
೨೧ ಸೆಪ್ಟೆಂಬರ್ ೧೯೫೫

ಡೋಲಿನಾ,

ಬೇಡ ಎಂದರೆ ಬೇಡ ಎಂದರ್ಥ. ನಿನಗೆ ಚಿಕ್ಕಂದಿನಿಂದಲೂ ಅದು ತಲೆಗೆ ಹೋಗುವುದಿಲ್ಲ. ನನ್ನ ಪರವಾಗಿ ಮಾತು ಕೊಡಲು ನೀನು ಯಾರು? ನಾನು ಹೆಣೆದು ತೋರಿಸುತ್ತೇನೆಂದು ನಿನಗೆ ಹೇಳಿದ್ದೆನೇ?

ಇಯಾನನ ಕಾಲುಚೀಲವನ್ನು ತಕ್ಷಣ ವಾಪಸ್ಸು ಕೇಳು. ಅವರು ನೋಡುವ ಮೊದಲೇ ಕೇಳು.

ಎಫಿ


ಪಾರ್ಟಿಕ್
೩ ಅಕ್ಟೋಬರ್ ೧೯೫೫

ಅಕ್ಕ,

ಹತ್ತು ದಿನ ನಾನೂ ಮುನಿಸಿಕೊಂಡಿದ್ದೆ. ಒಡಹುಟ್ಟಿದವಳ ಪರ ನಿಂತದ್ದಕ್ಕೆ "ನೀನು ಯಾರು" ಅನ್ನಿಸಿಕೊಂಡೆ. ಇರಲಿ, ಈಗ ಸಿಹಿ ಸುದ್ದಿಯಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಮಿತಿಯಿಂದ ಕಾಗದ ಬಂದಿದೆ. ಈ ವರ್ಷದ ಜೊತೆಯ ಎಡ ಬಲ ಎರಡನ್ನೂ ಬಿಡಿಸಿ ಪಕ್ಕಪಕ್ಕ ಇಟ್ಟು ನೋಡಿದರಂತೆ. ಯಂತ್ರದ್ದಲ್ಲ, ಕೈಯದೇ ಎಂದು ಒಪ್ಪಿದ್ದಾರೆ! ಒಂದನ್ನೇ ನೋಡಿದ್ದು ತನ್ನ ತಪ್ಪು ಎಂದು ಮಿಸ್ ವೆಡರ್‌ಬರ್ನ್ ತಾನೇ ಬರೆದುಕೊಟ್ಟಿದ್ದಾಳಂತೆ. ಗೆದ್ದೆವು. ನಾನು ಬರೆಯದಿದ್ದರೆ ಆಗುತ್ತಿತ್ತೇ, ನೀನೇ ಹೇಳು.

ಕೊನೆಯಲ್ಲಿ ಒಂದು ಸಾಲು ಇದೆ, ನನಗೆ ಅರ್ಥವಾಗಲಿಲ್ಲ. ಹಳೆಯ ಜೊತೆಯನ್ನು ಇನ್ನೂ ಕೆಲವು ದಿನ ಇಟ್ಟುಕೊಳ್ಳಲು ಮಿಸ್ ವೆಡರ್‌ಬರ್ನ್ ಅನುಮತಿ ಕೇಳಿದ್ದಾಳೆ. ಚೆನ್ನಾಗಿದೆಯೆಂದು ಮಾದರಿ ಎತ್ತಿಕೊಳ್ಳುತ್ತಿರಬೇಕು, ಕಳ್ಳಿ.

ಬೇಗ ಬರೆ. ಒಂದು ಸಲವಾದರೂ "ಸರಿ ಮಾಡಿದೆ ಡೋಲಿ" ಅನ್ನು.

ಡೋಲಿನಾ


ಪಾರ್ಟಿಕ್
೧೪ ಅಕ್ಟೋಬರ್ ೧೯೫೫

ಅಕ್ಕ,

ನೀನು ಬರೆಯಲಿಲ್ಲ. ಆದರೆ ಮಿಸ್ ವೆಡರ್‌ಬರ್ನ್ ನನಗೆ ಬರೆದಿದ್ದಾಳೆ, ಇಯಾನನ ಕಾಲುಚೀಲದ ಜೊತೆಗೆ. ತೆಳು ಕಾಗದದಲ್ಲಿ ಸುತ್ತಿ ಜೋಪಾನವಾಗಿ ಕಳಿಸಿದ್ದಾಳೆ. ಅವಳ ಮಾತನ್ನೇ ಇಲ್ಲಿ ಇಳಿಸುತ್ತೇನೆ:

"ಹೆಣೆಯುವವರ ಕೈ ಕಡ್ಡಿಗೆ ನೂಲನ್ನು ಯಾವ ಕಡೆಯಿಂದ ಸುತ್ತುತ್ತದೆ ಎಂಬುದು ಕಲಿಯುವಾಗಲೇ ಕೂತುಬಿಡುವ ಅಭ್ಯಾಸ, ಮುಂದೆ ಬದಲಾಗುವುದಿಲ್ಲ. ನೀವು ಕಳಿಸಿದ ಹಳೆಯ ಜೊತೆಯಲ್ಲಿ ಕುಣಿಕೆಗಳೆಲ್ಲ ನೇರವಾಗಿ ಕೂತಿವೆ. ಈ ವರ್ಷದ ಜೊತೆಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಕುಣಿಕೆ ತಿರುಚಿಕೊಂಡಿದೆ, ಆರಂಭದಿಂದ ಕೊನೆಯವರೆಗೆ. ಆ ತಿರುಚಿನಿಂದಲೇ ಬಟ್ಟೆ ಅಷ್ಟು ಬಿಗಿಯಾಗಿ, ಸಮನಾಗಿ ಬಂದದ್ದು, ಅದರಿಂದಲೇ ನಾನು ಮೋಸಹೋದದ್ದು. ಎರಡೂ ಉತ್ತಮ ಕೆಲಸವೇ. ಆದರೆ ಎರಡೂ ಒಬ್ಬರ ಕೈಯದಲ್ಲ. ಸಂಘದ ನಿಯಮದ ಪ್ರಕಾರ ಸದಸ್ಯೆಯೇ ಹೆಣೆದಿರಬೇಕು. ನವೆಂಬರ್ ಒಂದನೇ ತಾರೀಖಿನ ಸಭೆಗೆ ನಾನು ಬರುತ್ತಿದ್ದೇನೆ. ನೀವೇ ಹೇಳಿದಂತೆ ನಿಮ್ಮ ಅಕ್ಕ ಅಲ್ಲಿ ಹೆಣೆದು ತೋರಿಸಿದರೆ ನನ್ನ ಸಂಶಯ ತಪ್ಪೆಂದು ಎಲ್ಲರ ಮುಂದೆ ಹೇಳುತ್ತೇನೆ."

ಮೊದಲು ಓದಿದಾಗ ಕಾಗದ ಹರಿದುಹಾಕಬೇಕು ಅನ್ನಿಸಿತು. ಆಮೇಲೆ ಇಯಾನನ ಕಾಲುಚೀಲ ಬಿಡಿಸಿದೆ. ಹೋದ ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕೈಗವಸನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ನಾನು ಹೆಣಿಗೆ ಬಿಟ್ಟವಳು ನಿಜ, ಆದರೆ ಅವ್ವನ ಮಗಳೇ ಅಲ್ಲವೇ. ಕೈಗವಸಿನಲ್ಲೂ ಕುಣಿಕೆ ತಿರುಚಿದೆ ಅಕ್ಕ. ಸಾಲು ಬಿಟ್ಟು ಸಾಲು.

ಯಾರು ಹೆಣೆದದ್ದು?

ಡೋಲಿನಾ


ಕಿಲ್‌ವೋರನ್
೨೦ ಅಕ್ಟೋಬರ್ ೧೯೫೫

ಡೋಲಿ,

ನಾಲ್ಕು ದಿನದಿಂದ ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೇನೆ, ಒಮ್ಮೆಗೆ ಅರ್ಧ ಪುಟಕ್ಕಿಂತ ಆಗುವುದಿಲ್ಲ. ಪೆನ್ನಿನ ಮುಳ್ಳು ಚೆನ್ನಾಗಿಯೇ ಇದೆ. ಕೆಟ್ಟಿರುವುದು ನನ್ನ ಬೆರಳು. ಎರಡು ವರ್ಷದಿಂದ ಗಂಟುಗಳು ಊದಿಕೊಂಡಿವೆ. ಬೆಳಿಗ್ಗೆ ಬಟ್ಟಲು ಹಿಡಿಯಲು ಎರಡೂ ಕೈ ಬೇಕು, ರವಿಕೆಯ ಗುಂಡಿ ಆರ್ಚಿ ಹಾಕುತ್ತಾನೆ. ಡಾಕ್ಟರು ಬಿಸಿನೀರಲ್ಲಿ ಅದ್ದು ಅಂದರು, ಅದ್ದುತ್ತಿದ್ದೇನೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ಮುಂದಿನ ಹಡಗಿಗೇ ಬಂದು ನನ್ನ ಅಡುಗೆಮನೆ ಹಿಡಿಯುತ್ತಿದ್ದೆ.

ಹೆಣೆದದ್ದು ಆರ್ಚಿ.

ನಗಬೇಡ. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಒಂದು ಸಂಜೆ ನಾನು ಅರ್ಧ ಸಾಲು ಹೆಣೆಯಲಾರದೆ ಕಡ್ಡಿ ಬಿಸಾಕಿ ಅಳುತ್ತ ಕೂತಿದ್ದೆ. ಅವನು ಕಡ್ಡಿ ಎತ್ತಿಕೊಂಡ. ನಾನು ನಿಲ್ಲಿಸಿದ್ದ ಕುಣಿಕೆಯಿಂದ ಮುಂದುವರಿಸಿದ, ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವನ ಹಾಗೆ! ಎಲ್ಲಿ ಕಲಿತೆ ಎಂದು ಕೇಳಿದೆ. "ಅಲ್ಲಿ" ಅಂದ. ಅಲ್ಲಿ ಎಂದರೆ ಜರ್ಮನರ ಕೈದಿ ಶಿಬಿರ. ಬೇಲಿಯ ತಂತಿಯನ್ನು ಕಲ್ಲಿಗೆ ಉಜ್ಜಿ ಕಡ್ಡಿ ಮಾಡಿ, ಹರಿದ ಕಾಲುಚೀಲಗಳ ನೂಲು ಬಿಚ್ಚಿ ಹೆಣೆಯುತ್ತಿದ್ದರಂತೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಯಾರಿಗೂ ಹೇಳಬೇಡ ಅಂದ. ನಾನು ಬಾಗಿಲ ಚಿಲಕ ಹಾಕಿ ಬಂದೆ.

ಆದರೆ ಒಂದು ಮಾತು ಕೇಳು, ಆಮೇಲೆ ಬೇಕಾದ್ದು ಅನ್ನು. ವಜ್ರ ನನ್ನದು. ಯಾವ ಸಾಲಿನಲ್ಲಿ ಯಾವ ಬಣ್ಣ, ಎಲ್ಲಿ ಕೂಡಿಸಬೇಕು, ಎಲ್ಲಿ ಕಳೆಯಬೇಕು, ಎಲ್ಲ ನನ್ನ ತಲೆಯಲ್ಲಿರುವುದು. ನಾನು ಪಕ್ಕದಲ್ಲಿ ಕೂತು ಒಂದೊಂದು ಸಾಲೂ ಬಾಯಲ್ಲಿ ಹೇಳಿದ್ದೇನೆ. "ಮೂರು ಹಸಿರು, ಒಂದು ಬಿಳಿ, ಹದಿಮೂರು ಕಂದು" ಅಂತ ಎರಡು ಚಳಿಗಾಲ ಹೇಳಿ ಗಂಟಲು ಕಟ್ಟಿದೆ. ಅವನು ತಪ್ಪಿದರೆ ಬಿಚ್ಚಿಸಿದ್ದೇನೆ. ಕಣ್ಣು ನನ್ನದು, ಲೆಕ್ಕ ನನ್ನದು, ಕೈ ಮಾತ್ರ ಅವನದು. ಹಾಗಿರುವಾಗ ನನ್ನ ಹೆಸರಲ್ಲಿ ಇಟ್ಟರೆ ಏನು ತಪ್ಪು? ಹೋದ ವರ್ಷದ ಕಪ್ಪೂ ಹಾಗೇ ಬಂದದ್ದು. ಅವನೂ ಬೇಡ ಅನ್ನಲಿಲ್ಲ. ಗಂಡಸು ಹೆಣೆದದ್ದು ಎಂದು ಗೊತ್ತಾದರೆ ಜೊತೆಗೆ ಕೆಲಸ ಮಾಡುವ ಹಡಗುಕಟ್ಟೆಯವರು ಅವನನ್ನು ಬದುಕಲು ಬಿಡುತ್ತಾರೆಯೇ? ನಾನು ಅವನ ಮಾನವನ್ನೂ ಕಾಯ್ದೆ.

ಎಲ್ಲ ನೆಟ್ಟಗಿತ್ತು. ನೀನು ಇಯಾನನ ಕಾಲುಚೀಲ ಕಳಿಸಿದೆ. ಆ ಒಂದು ಜೊತೆ ಕಣ್ಣಿಗೆ ಬೀಳದಿದ್ದರೆ ಆ ಹೆಂಗಸಿಗೆ ಏನೂ ತಿಳಿಯುತ್ತಿರಲಿಲ್ಲ. ಈಗ ಒಂದನೇ ತಾರೀಖು ಹತ್ತಿರ ಬರುತ್ತಿದೆ. ನನಗೆ ಜ್ವರವೆಂದು ಹೇಳಿಕಳಿಸೋಣ ಎಂದಿದ್ದೇನೆ.

ಎಫಿ


ಪಾರ್ಟಿಕ್
೨೪ ಅಕ್ಟೋಬರ್ ೧೯೫೫

ಅಕ್ಕ,

ನಗಲಿಲ್ಲ. ನಿನ್ನ ಬೆರಳಿನ ಮಾತು ಓದಿ ಅತ್ತೆ, ಉಳಿದದ್ದು ಓದಿ ಸಿಟ್ಟು ಬಂತು, ಎರಡನ್ನೂ ಹೇಳಿಬಿಡುತ್ತೇನೆ.

ಒಂದೂವರೆ ತಿಂಗಳಿಂದ ನಾನು ನಿನಗಾಗಿ ಊರೆಲ್ಲ ಬಡಿದಾಡುತ್ತಿದ್ದೇನೆ. ಗುರುತು ಪರಿಚಯವಿಲ್ಲದವಳನ್ನು ಕಳ್ಳಿ ಅಂದೆ. ನನ್ನ ಗಂಡನ ಕಾಲುಚೀಲವನ್ನು ಅಂಚೆಗೆ ಹಾಕಿದೆ. ನೀನು ನನ್ನನ್ನು ಮೊದಲ ಕಾಗದದಲ್ಲೇ ನಂಬಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಈಗ ತಪ್ಪು ನನ್ನದಂತೆ, ಕಾಲುಚೀಲ ಕಳಿಸಿದ್ದು ತಪ್ಪಂತೆ. ಚೆನ್ನಾಗಿದೆ ನಿನ್ನ ನ್ಯಾಯ.

ನೀನು ನಾಲ್ಕು ದಿನ ಕೂತು ಬರೆದ ಕಾಗದದಲ್ಲಿ ವಜ್ರ ನನ್ನದು, ಕಣ್ಣು ನನ್ನದು, ಲೆಕ್ಕ ನನ್ನದು ಎಂದಿದೆ. ಕೈ "ಮಾತ್ರ" ಅವನದಂತೆ. ಹೆಣಿಗೆಯಲ್ಲಿ ಕೈ "ಮಾತ್ರ"ವೇ? ಹಾಗಾದರೆ ಬಾಯಲ್ಲಿ ಹೇಳಿದ್ದನ್ನೇ ಮೇಜಿನ ಮೇಲೆ ಇಡಬೇಕಿತ್ತು.

ಆರ್ಚಿ ಭಾವ ಬೇಡ ಅನ್ನಲಿಲ್ಲ ಎಂದು ಬರೆದಿದ್ದೀಯ. ಅವರು ಯಾವತ್ತು ಯಾವುದಕ್ಕೆ ಬೇಡ ಅಂದಿದ್ದಾರೆ? ಪ್ರದರ್ಶನದ ದಿನ ದಾರಿಯುದ್ದಕ್ಕೂ ಮಾತಾಡಲಿಲ್ಲ, ಅಂಗಡಿಯಲ್ಲಿ ತಂಬಾಕು ಬಿಟ್ಟು ನಡೆದರು. ನಿನ್ನ ಅವಮಾನಕ್ಕೇ ಕುಗ್ಗಿದ್ದು ಅಂತ ನಿನಗೆ ಯಾರು ಹೇಳಿದರು? ಒಂದು ಸಲ ಕೂರಿಸಿಕೊಂಡು ಕೇಳಿದ್ದೀಯಾ?

ಜ್ವರದ ನೆಪ ಹೇಳಬೇಡ. ಹೇಳಿದರೆ ನಾನೇ ಬಂದು ಆ ಹಾಲಿನಲ್ಲಿ ಎದ್ದು ನಿಲ್ಲುತ್ತೇನೆ, ನನ್ನ ಗುಣ ನಿನಗೆ ಗೊತ್ತು. ಕೈಗೆ ಬಿಸಿನೀರಿನಲ್ಲಿ ಉಪ್ಪು ಹಾಕಿಕೋ.

ಡೋಲಿ


ಕಿಲ್‌ವೋರನ್
೪ ನವೆಂಬರ್ ೧೯೫೫

ಡೋಲಿ,

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಆಮೇಲೆ ಮೂರು ದಿನ ಅದೇ ಮಾತು ತಲೆಯಲ್ಲಿ ತಿರುಗಿತು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು, ಹೆಣಿಗೆಯೂ ಇಲ್ಲ, ಬಲೆಯೂ ಇಲ್ಲ, ಇಬ್ಬರೂ ಕೈಕಟ್ಟಿ ಒಲೆಯ ಮುಂದೆ ಕೂತಿದ್ದಾಗ ಕೇಳಿದೆ. ಯಂತ್ರದ್ದು ಅಂದಾಗ ನಿನಗೆ ಸಿಟ್ಟು ಬಂತಾ ಆರ್ಚಿ ಎಂದು.

ಅವನು ಒಲೆಯ ಬೆಂಕಿ ಕೆದಕಿದ. ಆಮೇಲೆ ಹೇಳಿದ, "ಅವಳು ಯಂತ್ರ ಅಂದಾಗ ಬರಲಿಲ್ಲ. ಅಷ್ಟು ಚೆನ್ನಾಗಿದ್ಯಾ ಅಂತ ಒಳಗೊಳಗೇ ನಗು ಬಂತು. ನೀನು 'ನಾನೇ ಹೆಣೆದದ್ದು' ಅಂತ ಕೂಗಿದೆ ನೋಡು, ಆಗ ಬಂತು."

ಯಾರಿಗೂ ಹೇಳಬೇಡ ಅಂದವನು ನೀನೇ ಅಲ್ವಾ ಎಂದು ನಾನು ರೇಗಿದೆ.

"ಯಾರಿಗೂ ಹೇಳಬೇಡ ಅಂದಿದ್ದೆ, ಹೌದು. ನಿನ್ನದು ಅಂತ ಹೇಳು ಅಂದಿರಲಿಲ್ಲ."

ಡೋಲಿ, ಎರಡು ತಿಂಗಳು ಆ ಎಡಿನ್‌ಬರೋದವಳಿಗೆ ಶಾಪ ಹಾಕಿದ್ದೇನೆ, ಕೈ ಕೆಲಸವನ್ನು ಯಂತ್ರದ್ದು ಅಂದಳಲ್ಲಾ ಎಂದು. ಅವಳು ತಿಳಿಯದೆ ಅಂದಳು. ನಾನು ಪಕ್ಕದಲ್ಲೇ ಕೂತು ಎರಡು ಚಳಿಗಾಲ ಆ ಕೈಯನ್ನೇ ನೋಡಿದವಳು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹೇಳಿಬಿಡಲಾ ಎಂದು ಕೇಳಿದೆ. ಹಡಗುಕಟ್ಟೆಯವರು ನಗ್ತಾರೆ ಎಂದೂ ಹೇಳಿದೆ. ನಗಲಿ ಬಿಡು ಅಂದ.

ಮಂಗಳವಾರ ಸಭೆಗೆ ಹೋದೆ. ಅವನು ಬರಲಿಲ್ಲ, ಹಡಗಿಗೆ ಹಗ್ಗ ಕಟ್ಟುವ ಕೆಲಸವಿತ್ತು. ಮುಂದಿನ ಸಾಲಿನ ಎದುರಿಗೆ ಒಂದು ಕುರ್ಚಿ, ಎರಡು ಕಡ್ಡಿ, ಮೂರು ಉಂಡೆ ನೂಲು ಇಟ್ಟಿದ್ದರು. ಮಿಸ್ ವೆಡರ್‌ಬರ್ನ್ ಎದ್ದು ಬಂದು ಸೌಜನ್ಯದಿಂದಲೇ ಕುರ್ಚಿ ತೋರಿಸಿದಳು. ನಾನು ಕೂರಲಿಲ್ಲ. ಕೈಗವಸು ತೆಗೆದು ಎರಡೂ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. ಇವು ಎರಡು ವರ್ಷದಿಂದ ಏನನ್ನೂ ಹೆಣೆದಿಲ್ಲ ಎಂದೆ. ಈ ವರ್ಷದ್ದೂ ಹೋದ ವರ್ಷದ್ದೂ ನನ್ನ ಗಂಡ ಹೆಣೆದದ್ದು, ನನ್ನದೆಂದು ಸುಳ್ಳು ಹೇಳಿದೆ ಎಂದೆ. ಹೋದ ವರ್ಷದ ಕಪ್ಪನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಗಾಲ್‌ಬ್ರೇತ್ ಎದ್ದಳು. ಗಂಡಸರು ಸಂಘದ ಸದಸ್ಯರಲ್ಲ, ಹಾಗಾಗಿ ಹೆಸರು ದಾಖಲಿಸುವ ಪ್ರಶ್ನೆಯೇ ಇಲ್ಲ, "ವಾಪಸ್ಸು ಪಡೆಯಲಾಗಿದೆ" ಎಂದಷ್ಟೇ ಬರೆದು ಮುಂದಿನ ವಿಷಯಕ್ಕೆ ಹೋಗೋಣ, ಮಿಸೆಸ್ ಮ್ಯಾಕ್‌ಕ್ಯಾಲಮ್ ಮರ್ಯಾದೆಗೂ ಅದೇ ಒಳ್ಳೆಯದು ಎಂದಳು, ಜೇನಿನಂಥ ದನಿಯಲ್ಲಿ. ಅಲ್ಲಿಯವರೆಗೆ ನೆಲ ನೋಡುತ್ತಿದ್ದವಳಿಗೆ ನೆತ್ತಿಗೇರಿತು. ನನ್ನ ಮರ್ಯಾದೆ ನಾನು ಕಳೆದುಕೊಂಡಾಯಿತು, ಅದರ ಚಿಂತೆ ನಿನಗೆ ಬೇಡ ಅಂದೆ. ನಾವು ಬಹುಮಾನ ಕೇಳುತ್ತಿಲ್ಲ. ಇದೇ ಹಾಲಿನಲ್ಲಿ ಒಂದು ಸಲ ಯಂತ್ರದ್ದು ಅಂದಿರಿ, ಒಂದು ಸಲ ನನ್ನದು ಅಂದಿರಿ. ಎರಡೂ ಸುಳ್ಳು. ಮೂರನೆಯ ಸಲ ನಿಜ ಹೇಳಿ, ಹೆಸರು ಹೇಳಿ, ಆಮೇಲೆ ಬೇಕಾದರೆ ನನ್ನನ್ನು ಸಂಘದಿಂದ ತೆಗೆಯಿರಿ ಅಂದೆ. ಗಾಲ್‌ಬ್ರೇತ್ ನಿಯಮದ ಪುಸ್ತಕ ಮುಚ್ಚಿದಳು. ನಿಯಮದಲ್ಲಿ ಇಲ್ಲದ್ದನ್ನು ನಾನು ಹೇಳಲಾರೆ ಎಂದಳು.

ಆಗ ಮಿಸ್ ವೆಡರ್‌ಬರ್ನ್ ನನ್ನ ಹತ್ತಿರ ಬಗ್ಗಿ ಅವನ ಪೂರ್ತಿ ಹೆಸರು ಕೇಳಿದಳು. ಕಾಲುಚೀಲ ಎರಡನ್ನೂ ಬಿಡಿಸಿ ಎತ್ತಿ ಹಿಡಿದು ಹೇಳಿದಳು, "ಇದನ್ನು ಹೆಣೆದವರು ಆರ್ಚಿಬಾಲ್ಡ್ ಮ್ಯಾಕ್‌ಕ್ಯಾಲಮ್. ನಾನು ನೋಡಿದ ವಜ್ರದ ಹೆಣಿಗೆಯಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಇದನ್ನು ಯಂತ್ರದ್ದು ಅಂದದ್ದು ನನ್ನ ತಪ್ಪು." ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ನಗಲೂ ಇಲ್ಲ. ನಾನು ಕಾಲುಚೀಲ ತೆಗೆದುಕೊಂಡು ಹೊರಟುಬಂದೆ. ನನ್ನನ್ನು ಸಂಘದಲ್ಲಿ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಗೊತ್ತಿಲ್ಲ.

ಆರ್ಚಿ ಮನೆಗೆ ಬಂದಾಗ ಹೆರಿಂಗ್ ಮೀನು ಹುರಿಯುತ್ತಿದ್ದೆ. ಅವನು ಬೂಟು ಬಿಚ್ಚಿ ಕೂತ. ತಟ್ಟೆ ಮುಂದಿಟ್ಟು ನಾನೇ ಎಲ್ಲ ಹೇಳಿದೆ. ಅವನು ತಿನ್ನುತ್ತ ಕೇಳಿಸಿಕೊಂಡ. ಮುಳ್ಳು ತೆಗೆದು ಅಂಚಿಗಿಡುತ್ತ ಕೇಳಿದ, "ಆಯಮ್ಮ ನನ್ನ ಹೆಸರು ಪೂರ್ತಿ ಹೇಳಿದಳಾ?"

ಪೂರ್ತಿ ಹೇಳಿದಳು ಎಂದೆ.

"ಗಟ್ಟಿಯಾಗಿ?"

ಹಿಂದಿನ ಬೆಂಚಿಗೂ ಕೇಳುವ ಹಾಗೆ ಎಂದೆ.

ಅವನು ಕೈ ನಿಲ್ಲಿಸಿದ. "ಅಲ್ಲಿ ಐದು ವರ್ಷ ನನ್ನನ್ನು ನಂಬರಿಂದ ಕರೆದರು ಎಫಿ," ಅಂದ.

ಬಂದು ಹತ್ತು ವರ್ಷವಾಯಿತು, ಅಲ್ಲಿಯ ಮಾತು ಅವನಾಗಿಯೇ ಎತ್ತಿದ್ದು ಇದೇ ಮೊದಲು. ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿ ಎದುರಿಗೆ ಕೂತೆ, ಅವನು ನಿಧಾನವಾಗಿ ಹೇಳುತ್ತ ಹೋದ.

ನಿನ್ನ ಅಕ್ಕ,
ಎಫಿ